ಮೂವತ್ತು ದಿನದ ಟ್ರಯಲ್

ಬೇಸಿಗೆ ಮುಗಿಯುತ್ತಾ ಬಂದಿತ್ತು. ಹೊಲದ ಬದುಗಳ ಮೇಲಿನ ಹುಲ್ಲು ಒಣಗಿ ಬೆಳ್ಳಗಾಗಿತ್ತು. ಸಂಜೆಯಾದರೆ ಗಾಳಿಯೊಂದು ಎದ್ದು, ಇನ್ನೇನು ಮಳೆ ಬಂದೇಬಿಟ್ಟಿತು ಎಂದು ಎಲ್ಲರೂ ತಲೆಯೆತ್ತಿ ನೋಡುವಷ್ಟರಲ್ಲಿ ಅಡಗಿಹೋಗುತ್ತಿತ್ತು. ಮಳೆ ಬಿದ್ದ ವಾರದೊಳಗೆ ಶಾಲೆ ತೆರೆಯುತ್ತದೆ. ಶಾಲೆ ತೆರೆದ ದಿನ ತೊಂಬತ್ತೆರಡು ಮಕ್ಕಳು ಬೂದು ಬಣ್ಣದ ಸ್ಕರ್ಟು, ನಿಕ್ಕರು ತೊಟ್ಟು ಸಾಲಾಗಿ ನಿಲ್ಲಬೇಕು. ಒಂಬತ್ತು ವರ್ಷದಿಂದ ಅದು ಟೇಲರಮ್ಮನ ಅಂಗಡಿಯ ಕೆಲಸ. ಹಾಗಾಗಿ ಈ ಹದಿನೈದು ದಿನ ಅಲ್ಲಿ ಮಾತಿಗಿಂತ ಕತ್ತರಿಯ ಸದ್ದೇ ಹೆಚ್ಚು.

ಆ ಗುರುವಾರ ಬೆಳಿಗ್ಗೆ ಟೇಲರಮ್ಮ ಬೇರೆ ಗಿರಾಕಿಗಳ ಬಟ್ಟೆಗಳನ್ನು ಬೇಗ ಬೇಗ ಮುಗಿಸುತ್ತಿದ್ದಳು. ಕಿಟಕಿಯ ಬೆಳಕಿಗೆ ಬೆನ್ನು ಕೊಟ್ಟು ಕಾಜಕ್ಕ ಕೂತಿದ್ದಳು. ಅವಳಿಗೆ ಬೇರೆ ಹೆಸರಿತ್ತೋ ಏನೋ, ಗುಂಡಿಗೆ ಕಾಜ ತೆಗೆದು ತೆಗೆದು ಊರಿಗೆಲ್ಲ ಕಾಜಕ್ಕನೇ ಆಗಿಬಿಟ್ಟಿದ್ದಳು. ಮೂಲೆಯಲ್ಲಿ ಟೇಲರಮ್ಮನ ಮಗಳು ಕಂಪ್ಯೂಟರಿನ ಮುಂದೆ ಕೂತಿದ್ದಳು. ಹಾಲಿನ ಡೈರಿಯವರು ಹಳೆಯದೆಂದು ಬಿಸಾಡಲು ಹೊರಟಿದ್ದ ಕಂಪ್ಯೂಟರನ್ನು ಅಲ್ಲಿ ವ್ಯಾನು ಓಡಿಸುವ ಅವಳಪ್ಪ ಕೇಳಿಕೊಂಡು ತಂದಿದ್ದ. ಹದಿನಾರರ ಹುಡುಗಿ. ಪರೀಕ್ಷೆ ಮುಗಿದು ರಜೆಯಲ್ಲಿದ್ದಳು. ಮೂರು ದಿನದಿಂದ ಒಂದು ಮಾತನ್ನು ಅವಳು ತಾಯಿಗೆ ಹೇಳದೆ ಇಟ್ಟುಕೊಂಡಿದ್ದಳು.

ಸೋಮವಾರ ತಾಯಿ ದಾರದುಂಡೆ ತರಲು ಹೋಗಿದ್ದಾಗ ಶಾಲೆಯ ದೊಡ್ಡ ಟೀಚರು ಬಂದಿದ್ದರು. ಬಟ್ಟೆ ಶಾಲೆಯದು, ಹೊಲಿಗೆ ಅಂಗಡಿಯದು. ಎಷ್ಟು ಬಟ್ಟೆ ಬೇಕೆಂದು ಟೇಲರಮ್ಮ ಮೊದಲೇ ಹೇಳಿರುತ್ತಾಳೆ. ಈ ವರ್ಷ ಹೇಳಿದ್ದು ನೂರಿಪ್ಪತ್ತೆರಡು ಮೀಟರು. "ಈ ಸಲ ಅಷ್ಟು ತೆಗೆಯೋಕೆ ಆಗ್ತಿಲ್ಲಮ್ಮ, ಸ್ವಲ್ಪ ಕಡಿಮೆಯಲ್ಲಿ ಆಗುತ್ತಾ, ಕೇಳಿ ಹೇಳ್ತೀಯಾ?" ಎಂದಿದ್ದರು ಟೀಚರು. ಮಗಳು ಕೇಳಲಿಲ್ಲ. ಕಂಪ್ಯೂಟರಿನತ್ತ ತಿರುಗಿದಳು. ಬಟ್ಟೆಯ ತುಂಡುಗಳನ್ನು ಜಾಗ ಹಾಳಾಗದಂತೆ ಜೋಡಿಸಿ ತೋರಿಸುವ ಒಂದು ಸಾಫ್ಟ್‌ವೇರ್ ಅದರಲ್ಲಿತ್ತು. ಮೂವತ್ತು ದಿನ ಪುಕ್ಕಟೆ. ಮಕ್ಕಳ ಅಳತೆಗಳನ್ನೆಲ್ಲ ಅವಳು ಆಗಲೇ ಅದಕ್ಕೆ ಉಣಿಸಿಟ್ಟಿದ್ದಳು. ಅದು ನೂರಹತ್ತು ಎಂದಿತು. ಅವಳೂ ನೂರಹತ್ತು ಎಂದಳು. ಟೀಚರ ಮುಖ ಅರಳಿತು. ನಾಳೆ ಶುಕ್ರವಾರ ನೂರಹತ್ತೇ ಮೀಟರಿನ ಬಟ್ಟೆಯ ಥಾನು ಅಂಗಡಿಗೆ ಬಂದು ಬೀಳಲಿತ್ತು.

ತೊಂದರೆ ಏನೆಂದರೆ, ಪುಕ್ಕಟೆ ಇರುವವರೆಗೆ ಅದು ಲೆಕ್ಕ ಹೇಳುತ್ತಿತ್ತೇ ಹೊರತು ತುಂಡುಗಳನ್ನು ಹೇಗೆ ಜೋಡಿಸಬೇಕೆಂಬುದನ್ನು ಮಸುಕು ಮಾಡಿ ತೋರಿಸುತ್ತಿತ್ತು. ಸ್ಪಷ್ಟವಾಗಿ ಕಾಣಬೇಕೆಂದರೆ, ಕಾಗದದ ಮೇಲೆ ಇಳಿಸಬೇಕೆಂದರೆ ಕೊಳ್ಳಬೇಕು. ಕೊಳ್ಳಲು ತಾಯಿಯ ಫೋನಿನಿಂದ ಒಪ್ಪಿಗೆ ಬೇಕು. ಶನಿವಾರಕ್ಕೆ ಮೂವತ್ತು ದಿನ ಮುಗಿಯುತ್ತದೆ. ಕೊಳ್ಳದಿದ್ದರೆ ತಾಯಿ ಎಂದಿನಂತೆ ಸೀಮೆಸುಣ್ಣ ಹಿಡಿದು ಗೀಟು ಹಾಕಿ ಕತ್ತರಿಸುತ್ತಾಳೆ, ಕೊನೆಯ ಎಂಟೋ ಹತ್ತೋ ಮಕ್ಕಳಿಗೆ ಬಟ್ಟೆ ಇರುವುದಿಲ್ಲ, ಒಪ್ಪಿಕೊಂಡ ಮಾತು ಅಂಗಡಿಯ ಹೆಸರಿನಲ್ಲಿ ಮುರಿಯುತ್ತದೆ.

"ಅಮ್ಮಾ, ಒಂದು ಸಾಫ್ಟ್‌ವೇರ್ ತಗೋಬೇಕಿತ್ತು," ಎಂದಳು ಮಗಳು.

"ಏನು ವೇರು?"

"ಸಾಫ್ಟ್‌ವೇರ್."

"ಅಂಡರ್‌ವೇರ್ ಗೊತ್ತು ನಂಗೆ. ಇದು ಯಾವ ವೇರಮ್ಮಾ? ಮೆತ್ತಗಿರುತ್ತಾ?" ಎಂದಳು ಕಾಜಕ್ಕ, ಸೂಜಿಯಿಂದ ಕಣ್ಣೆತ್ತದೆ.

"ಸುಮ್ನಿರಿ ಕಾಜಕ್ಕ. ಕಟಿಂಗ್‌ಗೆ ಅಮ್ಮಾ. ಅಳತೆ ಕೊಟ್ಟರೆ ತುಂಡು ಹೇಗೆ ಜೋಡಿಸಬೇಕು ಅಂತ ಅದೇ ಹೇಳುತ್ತೆ."

"ಎಲ್ಲಿ ಸಿಗುತ್ತೆ?"

"ಅಂಗಡಿಯಲ್ಲೆಲ್ಲೂ ಸಿಗಲ್ಲ. ಇದರೊಳಗೇ ಬರುತ್ತೆ."

"ಎಲ್ಲೂ ಸಿಗದೇ ಇರೋದಕ್ಕೆ ದುಡ್ಡು ಕೊಡಬೇಕು. ಸರಿ. ಕೊಟ್ಟ ಮೇಲೆ ನಮ್ದೇ ತಾನೆ?"

"ಒಂದು ವರ್ಷ ನಮ್ದು. ಆಮೇಲೆ ಮತ್ತೆ ಕೊಡಬೇಕು."

"ಹಾಗಾದ್ರೆ ಬಾಡಿಗೆ ಅನ್ನು. ತಗೋಬೇಕು ಅಂತ ಯಾಕೆ ಅಂತೀಯ?"

ಮಗಳು ಇದಕ್ಕೆ ತಯಾರಾಗಿಯೇ ಇದ್ದಳು. "ಬಾಡಿಗೆ ಬೇಡ ಅಂದ್ರೆ ಹಳೇ ವರ್ಷನ್ ತಗೋಬಹುದು. ಅರ್ಧ ರೇಟಿಗೆ ಸಿಗುತ್ತೆ, ಒಂದೇ ಸಲ ಕೊಟ್ಟರೆ ಮುಗೀತು."

"ಹಳೇ ವರ್ಷದ್ದಾ?"

"ವರ್ಷನ್."

"ಅದೇ ಕಣೇ, ವರ್ಷ. ಹೋದ ವರ್ಷದ್ದೋ, ಅದರ ಹಿಂದಿನ ವರ್ಷದ್ದೋ?"

"ಹಾಗಲ್ಲಮ್ಮ. ಈಗ ಇರೋದು ಐದನೇ ವರ್ಷನ್, ಅರ್ಧಕ್ಕೆ ಸಿಗೋದು ನಾಲ್ಕನೇ ವರ್ಷನ್."

"ನಾಲ್ಕು ವರ್ಷ ಬಿದ್ದಿದ್ದ ಮಾಲು!" ಟೇಲರಮ್ಮ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು. "ಅರ್ಧಕ್ಕಲ್ಲದೆ ಇನ್ನೆಷ್ಟಕ್ಕೆ ಕೊಡ್ತಾರೆ? ಮಡಿಕೆ ಬಿದ್ದ ಕಡೆಯೆಲ್ಲ ಬಣ್ಣ ಹೋಗಿರುತ್ತೆ. ಮೋಸ ಹೋಗಬೇಡ."

"ಬಣ್ಣ ಇರಲ್ಲ ಅಮ್ಮಾ ಅದಕ್ಕೆ!"

"ನಾನೂ ಅದನ್ನೇ ಹೇಳಿದ್ದು."

ಕಾಜಕ್ಕ ನಕ್ಕಳು. ಮಗಳು ನಗಲಿಲ್ಲ. ತಾಯಿಗೆ ಬಿಡಿಸಿ ಹೇಳಹೊರಟ ಮಾತು ತನಗೇ ಗೋಜಲಾಗುತ್ತಿತ್ತು. ಬಣ್ಣವಿಲ್ಲದ, ಎಲ್ಲೂ ಸಿಗದ, ವರ್ಷವಲ್ಲದ ವರ್ಷನ್. ಬಟ್ಟೆ ಉಳಿಯುತ್ತದೆ ಎಂಬ ಕೊನೆಯ ಮಾತನ್ನೂ ಆಡಿ ನೋಡಿದಳು. "ಬಟ್ಟೆ ಶಾಲೆಯವರದ್ದು, ಉಳಿದ್ರೆ ನಮಗೇನು? ನನ್ನ ಕಣ್ಣಿದೆ, ಕೈಲಿ ಕತ್ತರಿ ಇದೆ. ಸುಮ್ನೆ ತಲೆ ತಿನ್ನಬೇಡ," ಎಂದು ತಾಯಿ ಇಸ್ತ್ರಿಗೆ ತಿರುಗಿದಳು.

ಮಧ್ಯಾಹ್ನ ಬಸ್ಸಿನ ಕಂಡಕ್ಟರ್ ಕೋಟಿನ ಟ್ರಯಲ್ ನೋಡಲು ಬಂದ. ಕಚ್ಚಾ ಹೊಲಿಗೆ ಹಾಕಿದ ಕೋಟನ್ನು ಅವನಿಗೆ ತೊಡಿಸಿ, ಟೇಲರಮ್ಮ ಗುಂಡುಪಿನ್ನುಗಳನ್ನು ತುಟಿಯಲ್ಲಿ ಹಿಡಿದುಕೊಂಡು ಸುತ್ತಲೂ ಒಂದು ಸುತ್ತು ಬಂದಳು. ಭುಜದ ಹತ್ತಿರ ಎರಡು ಪಿನ್ನು ಚುಚ್ಚಿದಳು, ಬೆನ್ನಿನಲ್ಲಿ ಒಂದು. ಕಂಡಕ್ಟರ್ ಕನ್ನಡಿಯಲ್ಲಿ ತನ್ನನ್ನು ಹಿಂದೆ ಮುಂದೆ ನೋಡಿಕೊಂಡ.

"ಈಗ ನಂಗೆ ಬೇಡ ಅನ್ನಿಸಿಬಿಟ್ರೆ ಏನು ಮಾಡ್ತೀರಿ ಟೇಲರಮ್ಮ?"

ಟೇಲರಮ್ಮ ಪಿನ್ನುಗಳನ್ನು ಅಂಗೈಗೆ ಉಗಿದಳು. "ಮೊದಲೇ ಬೇಡ ಅನ್ನಬೇಕಿತ್ತು. ಮೈಗೆ ಹಾಕಿ ನೋಡಿದ ಮೇಲೆ ಅದು ನಿಮ್ದು. ನಿಮ್ಮ ಬೆನ್ನಿನ ಗೂನಿಗೆ ಹೊಂದಿಸಿದ್ದನ್ನು ಇನ್ಯಾರ ಬೆನ್ನಿಗೆ ಹಾಕಲಿ?"

"ನಂಗೆಲ್ಲಿ ಗೂನು?"

"ಟಿಕೆಟ್ ಹರಿದು ಹರಿದು ಬಂದಿದೆ. ಅದನ್ನು ಮುಚ್ಚೋದಕ್ಕೇ ಅಲ್ವಾ ಕೋಟು?"

ಕಂಡಕ್ಟರ್ ಕೋಟು ಬಿಚ್ಚಿಕೊಟ್ಟು ನಗುತ್ತ ಹೊರಟುಹೋದ. ತಾಯಿಯ ಮುಖದಲ್ಲೂ ನಗು ಉಳಿದಿತ್ತು. ಇದೇ ಹೊತ್ತೆಂದು ಮಗಳು ಬಾಯಿಬಿಟ್ಟಳು.

"ಅಮ್ಮಾ, ಶನಿವಾರಕ್ಕೆ ಟ್ರಯಲ್ ಮುಗಿಯುತ್ತೆ."

"ಯಾರ ಟ್ರಯಲ್ಲು?"

"ನಂದು. ಆ ಸಾಫ್ಟ್‌ವೇರಿಂದು. ಮೂವತ್ತು ದಿನದ್ದು."

ಟೇಲರಮ್ಮನ ಕೈ ಕೋಟಿನ ತೋಳಿನ ಮೇಲೆ ನಿಂತಿತು. "ಟ್ರಯಲ್ ನೋಡಿದೀಯಾ?"

"ಹೂಂ. ಇಪ್ಪತ್ತೆಂಟು ದಿನ ಆಯ್ತು."

"ಇಪ್ಪತ್ತೆಂಟು ದಿನ." ಅವಳು ಮೆಷಿನ್ನಿನ ಸ್ಟೂಲನ್ನು ಎಳೆದು ಕೂತಳು. "ಒಂದು ಟ್ರಯಲ್ ಅಂದ್ರೆ ಎಷ್ಟು ಹೊತ್ತೇ? ಹಾಕ್ಕೋಬೇಕು, ಕೈ ಎತ್ತಬೇಕು, ಕೂತು ಏಳಬೇಕು, ಬಿಚ್ಚಬೇಕು. ನೀನು ಇಪ್ಪತ್ತೆಂಟು ದಿನ ಹಾಕ್ಕೊಂಡು ತಿರುಗಿದೀಯಾ? ಅದನ್ನು ಮಾಡಿದವರು ಏನು ಅಂದ್ಕೊಂಡಿರಬೇಕು?"

"ಅವರಿಗೆ ನಾನು ಯಾರು ಅಂತಾನೇ ಗೊತ್ತಿಲ್ಲಮ್ಮ."

"ಗೊತ್ತಿಲ್ಲದವರದ್ದನ್ನ ಹಾಕ್ಕೊಂಡಿದ್ದು ಇನ್ನೂ ಚೆನ್ನಾಗಾಯ್ತು!"

"ಎಲ್ಲರೂ ಹಾಗೇ ಮಾಡ್ತಾರೆ. ಅವರೇ ಕೊಡ್ತಾರೆ. ಬೇಡ ಅಂದ್ರೆ ಬಿಟ್ಟುಬಿಡಬಹುದು."

"ಯಾವ ಬಾಯಲ್ಲಿ ಬಿಡ್ತೀಯ? ಈಗ ತಾನೆ ಅವನಿಗೆ ಏನು ಹೇಳಿದೆ ನಾನು, ಕೇಳಿಸಲಿಲ್ವಾ? ಅವನಿಗೊಂದು ಮಾತು, ನನ್ನ ಮಗಳಿಗೊಂದು ಮಾತಾ?" ಟೇಲರಮ್ಮ ಎದ್ದು ಫೋನು ತಂದು ಮೇಜಿನ ಮೇಲಿಟ್ಟಳು. "ತಗೋ. ಎಷ್ಟಂತೆ?"

ಮಗಳು ಬೆಲೆ ಹೇಳಿದಳು. ಎರಡು ಕೋಟಿನ ಕೂಲಿ. ಕಾಜಕ್ಕ ನಾಲಿಗೆ ಕಚ್ಚಿಕೊಂಡಳು.

"ಹಳೇದಾದ್ರೆ ಅರ್ಧ ಅಮ್ಮಾ."

"ನೀನು ಹಾಕಿ ನೋಡಿದ್ದು ಯಾವ ವರ್ಷದ್ದು?"

"ಐದನೇದು."

"ಐದನೇದನ್ನೇ ತಗೋ. ಹಾಕಿ ನೋಡಿದ್ದು ಒಂದು, ತಗೊಂಡಿದ್ದು ಇನ್ನೊಂದು, ಅದೆಂಥ ಮರ್ಯಾದೆ?"

ಫೋನಿನಲ್ಲಿ ತಾಯಿಯ ಹೆಬ್ಬೆರಳು ಒಪ್ಪಿಗೆ ಒತ್ತಿತು. ಮಗಳು ಮೂರು ದಿನದಿಂದ ಕಾದಿದ್ದು ಇದಕ್ಕೇ. ಆದರೆ ಗೆದ್ದ ಹಾಗೆ ಅನ್ನಿಸಲಿಲ್ಲ. ತಾನು ಹೇಳಿದ ಯಾವ ಮಾತಿಗೂ ಅಮ್ಮ ಒಪ್ಪಿರಲಿಲ್ಲ. ಹೇಳದೆ ಉಳಿಸಿಕೊಂಡ ಮಾತು ಹಾಗೇ ಒಳಗಿತ್ತು.

"ಆ ಇಪ್ಪತ್ತೆಂಟು ದಿನದ್ದು ಎಲ್ಲಿ ಕೊಡೋದು?" ಎಂದು ಟೇಲರಮ್ಮ ಪರದೆಯನ್ನು ನೋಡುತ್ತ ಕೇಳಿದಳು.

"ಅದಕ್ಕೆ ಜಾಗ ಇಲ್ಲಮ್ಮ."

"ಕೆಳಗೆ ನೋಡು."

ಮಗಳು ಕೆಳಗೂ ನೋಡಿದಳು. ಇರಲಿಲ್ಲ.

ಮರುದಿನ ಥಾನು ಬಂತು. ಮಗಳು ಸ್ಟೇಷನರಿ ಅಂಗಡಿಯಿಂದ ಕಾಗದದ ಮೇಲೆ ಇಳಿಸಿಕೊಂಡು ತಂದ ಹಾಳೆಗಳನ್ನು ಇಬ್ಬರೂ ನೆಲಕ್ಕೆ ಹರಡಿ ಅಂಟಿಸಿದರು. ಟೇಲರಮ್ಮ ಬಗ್ಗಿ, ಮಂಡಿಯೂರಿ, ಹಾಳೆಯ ಮೇಲಿನ ಗೀಟುಗಳನ್ನು ಬೆರಳಲ್ಲಿ ಹಿಂಬಾಲಿಸಿದಳು. ಒಂದು ಸ್ಕರ್ಟಿನ ಪಕ್ಕ ಇನ್ನೊಂದನ್ನು ತಲೆಕೆಳಗು ಮಾಡಿ, ನಡುವೆ ಉಳಿದ ಸಂದಿಯಲ್ಲಿ ಜೇಬನ್ನು ಸಿಕ್ಕಿಸಿತ್ತು. ಅವಳು ತಲೆದೂಗಿದಳು. ಆಮೇಲೆ ಟೇಪು ಹಿಡಿದು ಉದ್ದ ಅಳೆದಳು. ಮತ್ತೆ ಅಳೆದಳು.

"ಬೆಳೆಯೋದಕ್ಕೆ ಎಲ್ಲಿ?"

"ಏನು ಬೆಳೆಯೋದಕ್ಕೆ?"

"ಮಕ್ಕಳು ಕಣೇ. ಕೆಳಗೆ ನಾಲ್ಕು ಬೆರಳು ಒಳಗೆ ಮಡಿಸಿ ಬಿಡ್ತೀವಲ್ಲ, ಮುಂದಿನ ವರ್ಷ ಬಿಚ್ಚಿ ಇಳಿಸೋದಕ್ಕೆ? ಇದರಲ್ಲಿ ಎರಡೇ ಬೆರಳಿದೆ. ಇದಕ್ಕೆ ಮಕ್ಕಳು ಬೆಳೀತಾರೆ ಅಂತ ಹೇಳಿಲ್ವಾ ನೀನು?"

ಮಗಳು ಹೇಳಿರಲಿಲ್ಲ. ಅಳತೆ ಪುಸ್ತಕದಲ್ಲಿ ಇದ್ದದ್ದನ್ನು ಇದ್ದಂತೆ ಹಾಕಿದ್ದಳು. ನಾಲ್ಕು ಬೆರಳು ಯಾವ ಪುಸ್ತಕದಲ್ಲೂ ಇರಲಿಲ್ಲ. ಅದು ತಾಯಿಯ ಕೈಯಲ್ಲಿತ್ತು.

ಆಗ ಅವಳು ಎಲ್ಲವನ್ನೂ ಹೇಳಿಬಿಟ್ಟಳು. ಸೋಮವಾರ, ದೊಡ್ಡ ಟೀಚರು, ನೂರಹತ್ತು. ಟೇಲರಮ್ಮ ಥಾನಿನ ಅಂಚಿನಲ್ಲಿದ್ದ ಚೀಟಿಯನ್ನು ತಿರುಗಿಸಿ ನೋಡಿದಳು. ನೂರಹತ್ತೇ ಇತ್ತು. ಬಯ್ಯುವಳೆಂದು ಕಾಜಕ್ಕ ಮುಂಚಿತವಾಗಿಯೇ, "ಹೋಗ್ಲಿ ಬಿಡು, ಮಗು," ಎಂದಳು.

"ಮಗುವಂತೆ! ಅಂಗಡಿ ಹೆಸರಲ್ಲಿ ಮಾತು ಕೊಡೋವಾಗ ಮಗು ಆಗಿರಲಿಲ್ಲ ಇವಳು." ಆದರೆ ಬಯ್ಯುವುದು ಅಲ್ಲಿಗೇ ನಿಂತಿತು. "ನಾಲ್ಕು ಬೆರಳು ಹಾಕಿ ಕೇಳು ಅದನ್ನ. ಎಷ್ಟು ಕಡಿಮೆ ಬೀಳುತ್ತೆ, ಅಷ್ಟು ತಂದು ಹಾಕೋಣ. ಹನ್ನೆರಡು ಮೀಟರು ತಾನೆ? ನಾನು ಹೇಳಿದ್ದು ನೂರಿಪ್ಪತ್ತೆರಡು."

ಮಗಳು ನಾಲ್ಕು ಬೆರಳು ಹಾಕಿದಳು. ಕಂಪ್ಯೂಟರು ಗುರ್ ಎಂದು ಸ್ವಲ್ಪ ಹೊತ್ತು ಯೋಚಿಸಿ, ನೂರಹದಿನಾರು ಎಂದಿತು.

"ನೂರಿಪ್ಪತ್ತೆರಡು," ಎಂದಳು ಟೇಲರಮ್ಮ.

"ನೂರಹದಿನಾರು ಅಮ್ಮಾ."

"ಮತ್ತೆ ಕೇಳು. ಸೊಂಟದ ಪಟ್ಟಿ ಮರೆತಿರುತ್ತೆ."

ಮರೆತಿರಲಿಲ್ಲ. ಜೇಬು, ಪಟ್ಟಿ, ಬೆಲ್ಟಿನ ಕುಣಿಕೆ ಒಂದೊಂದನ್ನೂ ಟೇಲರಮ್ಮ ಹೇಳುತ್ತ ಹೋದಳು, ಮಗಳು ಪರದೆಯ ಮೇಲೆ ಒಂದೊಂದನ್ನೂ ಬೆರಳಿಟ್ಟು ತೋರಿಸುತ್ತ ಹೋದಳು. ಎಲ್ಲವೂ ಇತ್ತು. ಆರು ಮೀಟರು ಮಾತ್ರ ಎಲ್ಲೂ ಇರಲಿಲ್ಲ.

"ಇದು ಸುಳ್ಳು ಹೇಳುತ್ತೆ," ಎಂದಳು ಟೇಲರಮ್ಮ.

ಕತ್ತರಿಸಿದ ಮೇಲೆ ಅದು ಸುಳ್ಳಲ್ಲವೆಂದು ಗೊತ್ತಾಯಿತು. ಶನಿವಾರ ಆರು ಮೀಟರು ತಂದು, ಭಾನುವಾರ ಬೆಳಿಗ್ಗೆಯಿಂದ ಹೊಸದಾಗಿ ಇಳಿಸಿದ ಹಾಳೆ ಹೇಳಿದ ಹಾಗೆಯೇ ಹಾಸಿ, ಗೀಟು ಹಾಕಿ, ಕತ್ತರಿಸಿದರು. ತೊಂಬತ್ತೆರಡು ಮಕ್ಕಳ ಬಟ್ಟೆ ಕಟ್ಟುಗಳಾಗಿ ಗೋಡೆಯ ಪಕ್ಕ ಕೂತಿತು. ನೆಲದ ಮೇಲೆ ಉಳಿದದ್ದು ಒಂದು ಮುಷ್ಟಿಯಲ್ಲಿ ಹಿಡಿಯುವಷ್ಟು ಚಿಂದಿ. ಪ್ರತಿ ವರ್ಷ ಈ ಹೊತ್ತಿಗೆ ಎರಡು ಚೀಲ ತುಂಬಿರುತ್ತಿತ್ತು.

"ಚೂರೆಲ್ಲಿ?" ಎಂದು ಕಾಜಕ್ಕ ಅಭ್ಯಾಸಬಲದಿಂದ ಚೀಲ ಹಿಡಿದು ಬಂದಳು. ಅವಳ ಮೊಮ್ಮಗನ ಚಡ್ಡಿಗಳೆಲ್ಲ ಬೂದು ಬಣ್ಣದವೇ. ಅಡುಗೆಮನೆಯ ಮಸಿಬಟ್ಟೆ ಬೂದು. ಟೇಲರಮ್ಮನ ಮನೆಯ ಕೌದಿ ಬೂದು, ದಿಂಬಿನ ಚೀಲದ ಹಿಂಭಾಗ ಬೂದು.

ಟೇಲರಮ್ಮ ಕತ್ತರಿಯನ್ನು ಮೇಜಿನ ಮೇಲೆ ಇಟ್ಟು ನಿಂತೇ ಇದ್ದಳು. "ಪ್ರತಿ ವರ್ಷ ನಾನು ಕೇಳಿದ್ದಷ್ಟೇ ಶಾಲೆಯವರು ಕೊಟ್ಟಿದ್ದು," ಎಂದಳು. ಚಿಂದಿಯನ್ನು ಮುಷ್ಟಿಯಲ್ಲಿ ಎತ್ತಿಕೊಂಡು, "ಕೇಳಿದ್ದಷ್ಟೂ ಕೊಟ್ಟರು," ಎಂದಳು.

"ಹೊಲಿಗೆಯಲ್ಲಿ ಚೂರು ಉಳಿಯೋದು ಇದ್ದದ್ದೇ ಅಲ್ವಾ?" ಎಂದಳು ಕಾಜಕ್ಕ.

"ಇದ್ದದ್ದೇ ಅಂತ ನಾನೂ ಅಂದ್ಕೊಂಡಿದ್ದೆ. ಈಗ ಎಲ್ಲಿದೆ, ತೋರಿಸು?"

ಕಾಜಕ್ಕ ಖಾಲಿ ಚೀಲವನ್ನು ಮಡಿಸಿದಳು. ಮಗಳಿಗೆ ತಾನು ಏನೋ ತಪ್ಪು ಮಾಡಿದೆ ಅನ್ನಿಸುತ್ತಿತ್ತು. ನೂರಹತ್ತು ಎಂದದ್ದು ತಪ್ಪು ಎಂದು ಅವಳಿಗೆ ಗೊತ್ತಿತ್ತು. ನೂರಹದಿನಾರು ಎಂದು ಸರಿಯಾಗಿ ತೋರಿಸಿದ್ದು ಯಾಕೆ ತಪ್ಪಿನ ಹಾಗೆ ಕಾಣುತ್ತದೆಂಬುದೇ ತಿಳಿಯುತ್ತಿರಲಿಲ್ಲ. "ಈ ಒಂಬತ್ತು ವರ್ಷವೂ ಮಕ್ಕಳು ಇಷ್ಟೇ ಇದ್ರಾ ಅಮ್ಮಾ?" ಎಂದು ಕೇಳಿ, ಯಾಕಾದರೂ ಕೇಳಿದೆನೋ ಎಂದುಕೊಂಡಳು.

"ಹೆಚ್ಚು ಕಡಿಮೆ," ಎಂದಳು ತಾಯಿ.

ಮಳೆ ಬಿತ್ತು. ಶಾಲೆ ತೆರೆಯುವ ಎರಡು ದಿನ ಮೊದಲು ಗಂಟುಗಳನ್ನು ಅಪ್ಪನ ವ್ಯಾನಿಗೆ ಹಾಕಿ ಕಳಿಸಿ, ತಾಯಿ ಮಗಳು ನಡೆದು ಹೋದರು. ದಾರಿಯಲ್ಲಿ ಟೇಲರಮ್ಮ ಬಟ್ಟೆಯಂಗಡಿಗೆ ನುಗ್ಗಿ ಅದೇ ಬೂದು ಬಣ್ಣದ ಬಟ್ಟೆ ಇನ್ನೂ ಆರು ಮೀಟರು ಕೇಳಿದಳು. "ಹೋದ ವಾರ ತಾನೆ ಆರು ಒಯ್ದಿರಿ?" ಎಂದ ಅಂಗಡಿಯವನು. "ಅದು ಇವಳದ್ದು. ಇದು ನಂದು," ಎಂದಳು. ಅವನು ಇಬ್ಬರ ಮುಖವನ್ನೂ ನೋಡಿ ಅಳೆದು ಕೊಟ್ಟ.

ದೊಡ್ಡ ಟೀಚರು ಕಟ್ಟುಗಳನ್ನು ಎಣಿಸಿಕೊಂಡು, ಎರಡು ಸ್ಕರ್ಟು ಬಿಚ್ಚಿ ನೋಡಿ, ಸಂತೋಷಪಟ್ಟರು. "ನೂರಹತ್ತರಲ್ಲೇ ಮಾಡಿಬಿಟ್ರಲ್ಲ! ನಿಮ್ಮ ಮಗಳು ಜಾಣೆ ಟೇಲರಮ್ಮ."

"ನೂರಹತ್ತರಲ್ಲಿ ಆಗಿಲ್ಲ ಟೀಚರೇ. ಆರು ನಾವು ಹಾಕಿದೀವಿ. ಅದು ಇರಲಿ, ಮಾತು ಕೊಟ್ಟಿದ್ದಳು. ಇದು ಬೇರೆ ಆರು." ಬಟ್ಟೆಯ ಪೊಟ್ಟಣವನ್ನು ಮೇಜಿನ ಮೇಲಿಟ್ಟಳು. "ಹೋದ ವರ್ಷದ್ದು."

"ಹೋದ ವರ್ಷ ಬಟ್ಟೆ ಉಳಿದಿತ್ತಾ?"

"ಉಳಿದಿರಲಿಲ್ಲ."

"ಮತ್ತೆ?"

"ಉಳಿಯಬೇಕಿತ್ತು. ನಾನು ಹೆಚ್ಚಿಗೆ ಕೇಳಿದ್ದೆ. ನಂಗೆ ಗೊತ್ತಿರಲಿಲ್ಲ." ಟೇಲರಮ್ಮ ಮಗಳ ಕಡೆ ನೋಡಿದಳು. ಮಗಳು ಸಾಫ್ಟ್‌ವೇರ್ ಎಂದು ಆರಂಭಿಸಿ, ಟೀಚರ ಮುಖ ನೋಡಿ ನಿಲ್ಲಿಸಿದಳು. "ಅದರ ಹಿಂದಿನ ಎಂಟು ವರ್ಷದ್ದೂ ಇದೆ. ಒಂದೊಂದಾಗಿ ತಂದುಕೊಡ್ತೀನಿ," ಎಂದಳು ಟೇಲರಮ್ಮ.

ಟೀಚರಿಗೆ ಏನು ಅರ್ಥವಾಯಿತೋ, ಎದ್ದು ಟೇಲರಮ್ಮನ ಎರಡೂ ಕೈ ಹಿಡಿದುಕೊಂಡರು. ಇಂಥವರು ಈ ಕಾಲದಲ್ಲಿ ಎಲ್ಲಿ ಸಿಗುತ್ತಾರೆ ಎಂದರು. ರಶೀದಿ ಪುಸ್ತಕ ತೆಗೆದು ಬರೆಯತೊಡಗಿದರು. ಅಷ್ಟರಲ್ಲಿ ಯಾರೋ ಬೆಂಚು ಇಳಿಸಲು ಬಂದರು, ಟೀಚರು ರಶೀದಿಯನ್ನು ಹರಿದು ಕೈಗೆ ಕೊಟ್ಟು ಅತ್ತ ಓಡಿದರು.

ಗೇಟಿನ ಹತ್ತಿರ ಟೇಲರಮ್ಮ ರಶೀದಿಯನ್ನು ಮಗಳ ಕೈಗೆ ಕೊಟ್ಟಳು. "ಏನು ಬರೆದಿದಾರೆ, ಓದು."

"ದೇಣಿಗೆ. ಬಟ್ಟೆ, ಆರು ಮೀಟರ್. ಧನ್ಯವಾದಗಳು."

"ದೇಣಿಗೆ ಅಂತಾನಾ?"

"ಅಚ್ಚಾಗಿರೋದೇ ಹಾಗೆ ಅಮ್ಮಾ. ಪುಸ್ತಕದ ತುಂಬ ದೇಣಿಗೆ ಅಂತಾನೇ ಇರುತ್ತೆ, ಮುಂದೆ ಬರೀತಾರೆ ಅಷ್ಟೆ."

ಟೇಲರಮ್ಮ ಹಿಂದಿರುಗಿ ಎರಡು ಹೆಜ್ಜೆ ಇಟ್ಟಳು. ಅಂಗಳದಲ್ಲಿ ಟೀಚರು ಬೆಂಚು ಹೊತ್ತವರಿಗೆ ಬಾಗಿಲು ತೋರಿಸುತ್ತಿದ್ದರು. ಅವಳು ಅಲ್ಲೇ ನಿಂತು, ಸೆರಗಿನಿಂದ ಕತ್ತು ಒರೆಸಿಕೊಂಡಳು.

"ದೇಣಿಗೆ ಕೊಟ್ಟೋಳಲ್ಲ ನಾನು," ಎಂದಳು, ಯಾರಿಗೆಂದು ತಿಳಿಯದ ಹಾಗೆ.

"ಹೋಗಿ ಹೇಳಲಾ?"

"ಏನಂತ ಹೇಳ್ತೀಯ?"

ಇಬ್ಬರೂ ಕೆಸರಿಲ್ಲದ ಕಡೆ ಕಾಲಿಡುತ್ತ ಮನೆಯತ್ತ ನಡೆದರು. ಸೇತುವೆ ದಾಟಿದ ಮೇಲೆ ಟೇಲರಮ್ಮ ರಶೀದಿಯನ್ನು ಮಗಳ ಕೈಯಿಂದ ತೆಗೆದುಕೊಂಡು, ಚಿಕ್ಕದಾಗಿ ಮಡಿಸಿ, ರವಿಕೆಯೊಳಗೆ ಸೇರಿಸಿದಳು.

"ಹಾಗಾದ್ರೆ ಒಂಬತ್ತು ವರ್ಷದ ಬಾಕಿಯೂ ಹಾಗೇ ಇದೆ," ಎಂದಳು.